ಸೇವಾ ದಾಖಲೆ ಸರಿಪಡಿಸಿಕೊಳ್ಳುವ ಕುರಿತು

ದಾವಣಗೆರೆ, ಚಿತ್ರದುರ್ಗ ಭಾಗದ ಮಾಜಿ ಸೈನಿಕ ಸದಸ್ಯರಿಗೆ ನಮಸ್ಕಾರ.

ಸೇನೆಯಿಂದ ಬಿಡುಗಡೆಯಾಗಿ ಊರು ಸೇರಿದ ಮೇಲೂ ನಮ್ಮ ಸೇವಾ ದಾಖಲೆಗಳು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲೇ ಇರುತ್ತವೆ: ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಆರ್ಟಿಲರಿಯವರಿಗೆ ನಾಸಿಕ್. ಮೀಸಲು ಪಡೆಯಲ್ಲಿರುವವರನ್ನು 1888ರ ಮೀಸಲು ಪಡೆಗಳ ಕಾಯ್ದೆಯಡಿ ಮತ್ತೆ ಸೇವೆಗೆ ಕರೆಯಲು ಅವಕಾಶವಿರುವುದರಿಂದ, ಹಿರಿಯೂರು ಬಿಟ್ಟು ದಾವಣಗೆರೆಯಲ್ಲಿ ಮನೆ ಮಾಡಿದವರು ಹೊಸ ವಿಳಾಸವನ್ನು ತಮ್ಮ ರೆಕಾರ್ಡ್ಸ್ ಆಫೀಸಿಗೆ ತಿಳಿಸಿರಬೇಕು.

ಹೆಚ್ಚು ತೊಡಕಾಗುವುದು ಹೆಸರಿನದು. ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಬಸವರಾಜಪ್ಪ’, ಆಧಾರಿನಲ್ಲಿ ‘ಬಸವರಾಜ್’ ಎಂದಿದ್ದರೆ ಮುಂದೆ ಕುಟುಂಬ ಪಿಂಚಣಿಗೆ ಅಲೆಯಬೇಕಾದವರು ಮನೆಯವರೇ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರು ಅರ್ಜಿ ಬರೆಯಲು ನೆರವಾದಾರು, ಆದರೆ ಮೂಲ ದಾಖಲೆಯನ್ನು ತಿದ್ದುವ ಅಧಿಕಾರ ರೆಕಾರ್ಡ್ಸ್‌ಗೇ ಸೇರಿದ್ದು. ಅರ್ಜಿಯಲ್ಲಿ ಸರ್ವಿಸ್ ನಂಬರ್, ರ‍್ಯಾಂಕ್, ಬಿಡುಗಡೆಯ ದಿನಾಂಕ ನಮೂದಿಸಿ. ಈ ವಿವರಗಳಿರುವ ಕಾಗದಗಳ ಫೋಟೊಗಳನ್ನು ದಯವಿಟ್ಟು ಈ ಗುಂಪಿಗೆ ಹಾಕಬೇಡಿ.