ಅಪ್ಪ ಕಾರು ತಳ್ಳಬಾರದು

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೆ, ನಿನ್ನ ಕಾಗದ ಓದುವ ತನಕ.

ಸುಮಾ ಅದರ ಫೋಟೊ ತೆಗೆದು ಕಳಿಸಿದಳು. ಎರಡು ಪುಟ ಬರೆದಿದ್ದೀಯ. ಮುಖ್ಯವಾದದ್ದನ್ನು ಮಾತ್ರ ಕೊನೆಗೆ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ತುರುಕಿದ್ದೀಯ. 'ಕಾರು ಸ್ಟಾರ್ಟ್ ಆಗಲಿಲ್ಲ. ನಿಮ್ಮಪ್ಪ ಮಂಜು ಜೊತೆ ಸೇರಿ ತಳ್ಳಿದರು. ಆಮೇಲೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು.' ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತಮ್ಮಾ? ಸುಮ್ನೆ ಕೂತಿದ್ದರಾ, ಎದೆ ಹಿಡಿದುಕೊಂಡು ಕೂತಿದ್ದರಾ?

ಫೋನ್ ಮಾಡಿದರೆ ಅಪ್ಪನೇ ಎತ್ತಿದರು. 'ಏನಿಲ್ಲ ಪುಟ್ಟಿ, ಗಾಳಿಗೆ ಕೂತಿದ್ದೆ' ಅಂದರು. ಮಧ್ಯಾಹ್ನದ ಬಿಸಿಲಲ್ಲಿ ಮೆಟ್ಟಿಲ ಮೇಲೆ ಯಾರಾದರೂ ಗಾಳಿಗೆ ಕೂರುತ್ತಾರಾ? ಹಿಂದಿನಿಂದ ನೀನು ಏನೋ ಹೇಳಲು ಬಂದೆ, ಕೇಳಿಸಿತು. ಅಷ್ಟರಲ್ಲಿ ಅವರು ಇಲ್ಲಿನ ಚಳಿಯ ವಿಚಾರ ತೆಗೆದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ಮಾತು ತಿರುಗಿಸಲು ಆಗುವುದಿಲ್ಲ. ಸುಮಾ, ಇದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ನಡುವೆ ಎದ್ದು ಹೋಗಲು ಬಿಡಬೇಡ.

ಆಪರೇಷನ್ ಆಗಿ ಇನ್ನೂ ಏಳು ವಾರ. ಬೈಪಾಸ್‌ಗೆ ಕೊಯ್ದ ಎದೆಮೂಳೆ ಸರಿಯಾಗಿ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು ಅಂತ ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಲಿಲ್ಲವಾ? ತಳ್ಳಬಾರದು, ಎಳೆಯಬಾರದು, ಭಾರ ಎತ್ತಬಾರದು ಅಂತ ನಾನೇ ಕೆಂಪು ಪೆನ್ನಿನಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ನೀರಿನ ಬಕೆಟ್ ಮುಟ್ಟಬಾರದವರು ಕಾರು ತಳ್ಳಿದ್ದಾರೆ. ಏನು ಹೇಳಲಿ.

ಇನ್ನು ನಿನ್ನ ಪ್ರಶ್ನೆ. 'ವಾರಕ್ಕೆರಡು ಸಲ ಸುಮಾ ಕೈಲಿ ಐದು ನಿಮಿಷ ಸ್ಟಾರ್ಟ್ ಮಾಡಿಸುತ್ತಿದ್ದೆವಲ್ಲ, ಆದರೂ ಬ್ಯಾಟರಿ ಯಾಕೆ ಕೂತಿತು?' ಅಮ್ಮ, ಆ ಐದು ನಿಮಿಷ ಏನೇನೂ ಸಾಲದು. ಲೆಕ್ಕದ ಮೇಷ್ಟ್ರು ಮನೆಯಲ್ಲೇ ಇದ್ದಾರೆ, ಅವರೇ ಲೆಕ್ಕ ಹಾಕಲಿ. ಅಪ್ಪಾ, ಕೇಳಿ.

ಕೀ ತೆಗೆದು ಬಾಗಿಲು ಹಾಕಿದ ಮೇಲೆ ಕಾರು ಮಲಗಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಮಲಗುವುದಿಲ್ಲ. ಗಡಿಯಾರ ಓಡುತ್ತಿರುತ್ತದೆ. ರಿಮೋಟ್ ಒತ್ತುತ್ತಾರೇನೋ ಅಂತ ಲಾಕ್ ಕಾಯುತ್ತಿರುತ್ತದೆ. ಎಂಜಿನ್ ಕಂಪ್ಯೂಟರು ತನ್ನ ನೆನಪು ಉಳಿಸಿಕೊಂಡಿರಬೇಕು. ಇದಕ್ಕೆಲ್ಲ ಸುಮಾರು 40 ಮಿಲಿ ಆಂಪಿಯರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 24 ಗಂಟೆಗೆ ಗುಣಿಸಿದರೆ ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು. ನಮ್ಮ ಬ್ಯಾಟರಿ ಇರುವುದೇ 35. ಮುಟ್ಟದೇ ಬಿಟ್ಟರೆ 35 ದಿನಕ್ಕೆ ಪೂರಾ ಖಾಲಿ. ಸೆಲ್ಫ್ ಹೊಡೆಯಲು ಒಂದೇ ಏಟಿಗೆ ನೂರಕ್ಕೂ ಜಾಸ್ತಿ ಆಂಪಿಯರ್ ಬೇಕು, ಅರ್ಧ ಇಳಿದ ಬ್ಯಾಟರಿ, ಅದರಲ್ಲೂ ಹಳೆಯದು, ಅಷ್ಟು ಕೊಡಲಾರದು. ಅಂದರೆ ಮೂರು ವಾರಕ್ಕೇ ಕೈಕೊಡುತ್ತದೆ. ಸಾಲದ್ದಕ್ಕೆ ಬ್ಯಾಟರಿ ತಾನಾಗಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಮ್ಮದು ನಿಂತಿರುವುದು ಪಡುವಣ ಬಿಸಿಲಿಗೆ.

ಈಗ ಸುಮಾಳ ಐದು ನಿಮಿಷ. ಬರೀ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ ಒಳಗೆ 10 ಆಂಪಿಯರ್ ಹೋಯಿತು ಅಂತಲೇ ಹಿಡಿಯಿರಿ. ಐದು ನಿಮಿಷಕ್ಕೆ 1 ಆಂಪಿಯರ್ ಅವರ್ ಕೂಡ ಆಗಲಿಲ್ಲ. ಖರ್ಚಾದದ್ದು ಮೂರೂವರೆ ದಿನದ್ದು, ಮೂರೂವರೆ. ಮೇಲೆ ಅವಳು ಹಾಡು ಹಾಕಿಕೊಂಡು, ಎಸಿ ಹಾಕಿಕೊಂಡು ಕೂರುತ್ತಾಳೆ, ನನಗೆ ಗೊತ್ತಿಲ್ವಾ. ಜಮೆ ಒಂದು, ಖರ್ಚು ಮೂರೂವರೆ. ಯಾವ ಸಂಸಾರ ನಿಲ್ಲುತ್ತದೆ?

ಇದನ್ನೆಲ್ಲ ಬುದ್ಧಿವಂತೆಯ ಹಾಗೆ ಹೇಳುತ್ತಿದ್ದೇನೆ, ನನ್ನ ಕಥೆಯೂ ಅದೇ. ಅಲ್ಲಿದ್ದಾಗ ಹೇಳಲಿಲ್ಲ, ನೀವೆಲ್ಲ ನಗುತ್ತೀರಿ ಅಂತ. ಇಲ್ಲಿ ಕೆನಡಾದ ಈ ಭಾಗದಲ್ಲಿ ಚಳಿಗಾಲ ಬಂತೆಂದರೆ ಪ್ರತಿ ಕಾರಿನ ಮೂತಿಯಿಂದ ಒಂದು ವೈರು ನೇತಾಡುತ್ತಿರುತ್ತದೆ, ಹಸುವಿಗೆ ಮೂಗುದಾರ ಹಾಕಿದ ಹಾಗೆ. ಪಾರ್ಕಿಂಗ್‌ನಲ್ಲಿ ಸಾಲಾಗಿ ಗೂಟಗಳಿರುತ್ತವೆ, ಅದರಲ್ಲಿ ಪ್ಲಗ್ ಪಾಯಿಂಟ್. ರಾತ್ರಿ ಕಾರು ತಂದು ಕಟ್ಟಿಹಾಕುವುದು. ಮೊದಲ ಸಲ ನೋಡಿದಾಗ ಎಷ್ಟು ನಕ್ಕಿದ್ದೆ. ನಾಲ್ಕು ವಾರಕ್ಕೆ ಅಪ್ಪನ ಆಪರೇಷನ್‌ಗೆ ಅಂತ ಹೊರಟಾಗ ನಾನೂ ಕಾರನ್ನು ಹಾಗೇ ಕಟ್ಟಿ, ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ ಬಿಡು ಅಂತ ನಿಶ್ಚಿಂತೆಯಿಂದ ವಿಮಾನ ಹತ್ತಿದೆ.

ಅದು ಬ್ಯಾಟರಿಯ ವೈರಲ್ಲ! ಎಂಜಿನ್ ಬೆಚ್ಚಗಿಡುವ ಹೀಟರಿನದು. ಚಳಿಗೆ ಆಯಿಲ್ ಗಟ್ಟಿಯಾಗದಿರಲಿ ಅಂತ. ಬ್ಯಾಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾಲ್ಕು ವಾರ ಎಂಜಿನ್ನಿಗೆ ಬಿಸಿ ಸ್ನಾನ ಮಾಡಿಸಿದ್ದೇನೆ, ಬ್ಯಾಟರಿ ಪಕ್ಕದಲ್ಲೇ ಉಪವಾಸ.

ವಾಪಸ್ ಬಂದ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟೆ. ಮೈನಸ್ 14, ಇಲ್ಲಿಯವರ ಪ್ರಕಾರ ಹಿತವಾದ ಹವೆ. ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್ ಟಿಕ್. ಹಲ್ಲಿ ಲೊಚಗುಟ್ಟಿದ ಹಾಗೆ, ಆದರೆ ಬಿಡದೆ. ಡ್ಯಾಶ್‌ಬೋರ್ಡಿನ ದೀಪಗಳು ಒಂದು ಸಲ ಹತ್ತಿ, ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿ ಆರಿದವು. ಮತ್ತೆ ತಿರುಗಿಸಿದೆ. ಈ ಸಲ ಟಿಕ್ ಕೂಡ ಇಲ್ಲ. ಸೀಟು ಕಲ್ಲಿನ ಹಾಗೆ ಗಟ್ಟಿ, ಉಸಿರು ಒಳಗಿನ ಗಾಜಿನ ಮೇಲೆ ಹೆಪ್ಪುಗಟ್ಟುತ್ತಿದೆ. ಅಪ್ಪನನ್ನು ಬಿಟ್ಟು ಬಂದು ಎರಡು ದಿನವೂ ಆಗಿರಲಿಲ್ಲ. ಸ್ಟೀರಿಂಗಿಗೆ ತಲೆ ಇಟ್ಟು ಸ್ವಲ್ಪ ಅತ್ತೆ. ಸ್ವಲ್ಪವೇ, ಗಾಬರಿಯಾಗಬೇಡ.

ಪಕ್ಕದ ಮನೆಯ ಅಜ್ಜಿ ಬಂದು ಗಾಜು ತಟ್ಟಿದರು. ಎಪ್ಪತ್ತು ದಾಟಿದೆ. ಅವರ ಡಿಕ್ಕಿಯಲ್ಲಿ ಕೇಬಲ್, ಸಲಿಕೆ, ಕಂಬಳಿ ಎಲ್ಲ ಇದೆ, ನಮ್ಮ ಶ್ರೀಧರ ಮಾಮನ ಸ್ಕೂಟರ್ ಡಬ್ಬಿಯ ಹಾಗೆ. ಮೊದಲು ಟಾರ್ಚ್ ಬಿಟ್ಟು ಬ್ಯಾಟರಿಯ ಹೊಟ್ಟೆ ಉಬ್ಬಿದೆಯಾ ನೋಡಿದರು. ಪೂರ್ತಿ ಕೂತ ಬ್ಯಾಟರಿಯ ಆಸಿಡ್ ನೀರಿನಂತೆ ತೆಳ್ಳಗಾಗಿರುತ್ತದಂತೆ, ಮೈನಸ್ 10ರ ಆಸುಪಾಸಿನಲ್ಲೇ ಒಳಗೆ ಐಸ್ ಆಗಬಹುದು. ಹಾಗಾಗಿದ್ದರೆ ಕೇಬಲ್ ಹಾಕಲೇಬಾರದು, ಒಡೆಯುತ್ತದೆ. ಪೂರ್ತಿ ಚಾರ್ಜ್ ಇದ್ದದ್ದು ಮೈನಸ್ 50ಕ್ಕೂ ಜಗ್ಗುವುದಿಲ್ಲವಂತೆ. ನನ್ನದು ಪುಣ್ಯಕ್ಕೆ ಉಬ್ಬಿರಲಿಲ್ಲ.

ಕೆಂಪು ಕೇಬಲ್ ನನ್ನ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಅವರ ಪ್ಲಸ್ಸಿಗೆ. ಕಪ್ಪು ಅವರ ಮೈನಸ್ಸಿಗೆ. ಉಳಿದ ಕಪ್ಪು ತುದಿಯನ್ನು ನಾನು ನನ್ನ ಮೈನಸ್ಸಿಗೆ ಕಚ್ಚಿಸಲು ಹೋದೆ, ಕೈ ಮೇಲೆ ಪಟ್ ಅಂತ ಒಂದು ಕೊಟ್ಟರು! ಅದನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕೊಡಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ಹತ್ತು ನಿಮಿಷ ಅವರ ಕಾರು ಓಡಿತು. ಕೀ ತಿರುಗಿಸಿದೆ, ನನ್ನದೂ ಗುರ್ ಅಂತು. ಥ್ಯಾಂಕ್ಸ್ ಹೇಳುವ ಮೊದಲೇ ಹೊರಟುಹೋದರು. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಅಂತೀಯಲ್ಲ ನೀನು, ಅದಕ್ಕೇ ಇಷ್ಟುದ್ದ ಬರೆದೆ.

ನೋಡಿದೆಯಾ ಅಮ್ಮ, ಯಾರೂ ತಳ್ಳಲಿಲ್ಲ. ಅಪ್ಪಾ, ಹಿಂದೆ ಗಾಡಿಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದರು, ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು ಅಂತ ನೀವೇ ಹೇಳಿದ್ದು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಕೂರಿಸಿದ್ದೇ ಆ ಕಷ್ಟ ತಪ್ಪಲಿ ಅಂತ. ನೂರು ವರ್ಷ ದಾಟಿದ ಮೇಲೆ ನೀವು ಬಾಗಿಲು ಹಿಡಿದು, ಇನ್ನೊಂದು ಕೈಲಿ ಸ್ಟೀರಿಂಗ್ ಹಿಡಿದು ತಳ್ಳುತ್ತೀರಾ? ಎಂಜಿನ್ ಓಡದಿದ್ದಾಗ ಬ್ರೇಕೂ ಗಟ್ಟಿ, ಸ್ಟೀರಿಂಗೂ ಗಟ್ಟಿ. ಇಳಿಜಾರಿನಲ್ಲಿ ಕಾರು ಮುಂದೆ ಓಡಿದ್ದರೆ ಆ ಎದೆಯಲ್ಲಿ ಅದನ್ನು ತಡೆಯುತ್ತಿದ್ದಿರಾ?

ಸರಿ, ಬೈದದ್ದು ಸಾಕು. ಈಗ ಏನು ಮಾಡಬೇಕು ಅಂದರೆ, ಅಪ್ಪ ಕುರ್ಚಿ ಹಾಕಿಕೊಂಡು ಕೂರಲಿ, ಬಾಯಲ್ಲಿ ಎಷ್ಟು ಬೇಕಾದರೂ ಆರ್ಡರ್ ಮಾಡಲಿ. ಕೆಲಸ ಮಂಜುವಿನದು. ಬ್ಯಾಟರಿ ಬಿಚ್ಚಿ ಅಂಗಡಿಗೆ ಕೊಟ್ಟು ಒಂದು ರಾತ್ರಿ ನಿಧಾನವಾಗಿ ಚಾರ್ಜ್ ಮಾಡಿಸಲಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್. ಕೈಲಿರುವ ಉಂಗುರ ತೆಗೆದಿಟ್ಟು ಸ್ಪ್ಯಾನರ್ ಹಿಡಿಯಲಿ, ಉಂಗುರ ತಾಗಿ ಶಾರ್ಟ್ ಆದರೆ ಬೆರಳು ಸುಟ್ಟುಹೋಗುತ್ತದೆ. ಬ್ಯಾಟರಿ ಹತ್ತು ಕಿಲೋ ಹತ್ತಿರ ಇರುತ್ತದೆ. ಅಪ್ಪ ಒಂದು ಕೈಯನ್ನೂ ಹಾಕಬಾರದು.

ಚಾರ್ಜ್ ಮಾಡಿಸಿ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮಲ್ಟಿಮೀಟರ್ ಇಟ್ಟು ನೋಡಲಿ. 12.6 ವೋಲ್ಟ್ ಇದ್ದರೆ ಒಳ್ಳೆಯದು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದುಬಿಟ್ಟಿದ್ದರೆ ಅದರ ಆಸೆ ಬಿಟ್ಟು ಹೊಸದು ಹಾಕಿಸಿ, ದುಡ್ಡು ನಾನು ಕಳಿಸುತ್ತೇನೆ. ಖಾಲಿ ಬಿಟ್ಟಷ್ಟು ದಿನವೂ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಬಿಸಿನೀರಿನ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ ಹಾಗೆ. ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಬಿಡುವುದಿಲ್ಲ. ಅದಕ್ಕೇ ನಾಳೆ ನಾಡಿದ್ದು ಅನ್ನಬೇಡಿ.

ಆಮೇಲೆ ಪ್ರತಿ ಭಾನುವಾರ ಶ್ರೀಧರ ಮಾಮ ಬಂದಾಗ ದೊಡ್ಡ ರಸ್ತೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿಕೊಂಡು ಬರಲಿ. ಅಪ್ಪ ಬೇಕಿದ್ದರೆ ಪಕ್ಕದಲ್ಲಿ ಕೂತು ಹೋಗಲಿ, ಹೊರಗಿನ ಗಾಳಿಯೂ ಸಿಕ್ಕೀತು, ಮೆಟ್ಟಿಲ ಮೇಲಿನದ್ದಲ್ಲ. ಮಾಮ ಬರದ ವಾರಗಳಿದ್ದರೆ ಮಂಜು ಮೈನಸ್ ವೈರು ಬಿಚ್ಚಿಡಲಿ. ಗಡಿಯಾರ ತಪ್ಪು ತೋರಿಸುತ್ತದೆ, ರೇಡಿಯೋ ಎಲ್ಲ ಮರೆತಿರುತ್ತದೆ, ಅಷ್ಟೇ. ಒಂದು ಮಾತು ಮಾತ್ರ ನೆನಪಿರಲಿ, ವೈರು ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ. ಕೀ ಒಳಗೇ ಬಿಟ್ಟು ಬಾಗಿಲು ಹಾಕಬೇಡಿ. ಸುಮಾ, ನಿನಗೇ ಹೇಳುತ್ತಿರುವುದು.

ಕಾರು ಮಾರೋಣವಾ ಅಂತ ಕೇಳಿದ್ದೀಯ. ಅಪ್ಪನಿಗೆ ಕೇಳಿಸದ ಹಾಗೆ ಕೇಳಿದ್ದೀಯ, ನಾನು ಕೇಳಿಸುವ ಹಾಗೆ ಹೇಳುತ್ತೇನೆ. ಈಗ ಬೇಡ. ಕಾಯಿಲೆಯವರ ಕಾರು ಮಾರಿದರೆ ಅವರು ಇನ್ನು ಎಲ್ಲಿಗೂ ಹೋಗುವುದಿಲ್ಲ ಅಂತ ನಾವೇ ಹೇಳಿದ ಹಾಗಾಗುತ್ತದೆ. ಡಾಕ್ಟರು ಓಡಿಸಬಹುದು ಅಂದ ಮೇಲೆ ಓಡಿಸಲಿ, ಅದು ಅವರ ಕಾರು. ಆದರೆ ರಾತ್ರಿ ಹೊತ್ತು ಏನಾದರೂ ಆದರೆ ಕಾರನ್ನು ನಂಬಬೇಡ ಅಮ್ಮ. ಸ್ಟಾರ್ಟ್ ಆಗುತ್ತದಾ ಅಂತ ನೋಡಲೂ ಹೋಗಬೇಡ, ನೇರ ಆಂಬುಲೆನ್ಸಿಗೆ ಫೋನ್ ಮಾಡು. ನಂಬರ್ ಸುಮಾ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿಡಲಿ. ಏನೂ ಆಗುವುದಿಲ್ಲ. ಆದರೂ ಬರೆದಿಡಲಿ.

ನನ್ನ ಚಿಂತೆ ಬಿಡಿ. ನಿದ್ದೆ ಚೆನ್ನಾಗಿ ಬರುತ್ತಿದೆ. ಬೆಚ್ಚಗಿನ ಬಟ್ಟೆ ಇದೆ. ಕೆಲಸದಲ್ಲಿ ಯಾರೂ ಏನೂ ಅನ್ನಲಿಲ್ಲ. ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ, ಚಾರ್ಜರೂ ಒಂದು ತಗೊಂಡೆ, ಅದು ತುಂಬಿದ ಮೇಲೆ ತಾನಾಗಿಯೇ ಹನಿ ಹನಿಯಾಗಿ ಕೊಡುತ್ತಾ ಇರುತ್ತದೆ. ಎಲ್ಲ ಸರಿಯಾಗಿದೆ. ನಿಜವಾಗಿಯೂ ಎಲ್ಲ ಸರಿಯಾಗಿದೆ.

ಕೆಳಗೆ ಅಜ್ಜಿ ಹಾರ್ನ್ ಹೊಡೆಯುತ್ತಿದ್ದಾರೆ. ಇವತ್ತು ಅವರ ಕಾರಿನಲ್ಲೇ ಹೋಗುವುದು, ನನ್ನದು ಹಿಮದಲ್ಲಿ ಮುಕ್ಕಾಲು ಹೂತಿದೆ. ಮುಗಿಸುತ್ತೇನೆ. ಅಪ್ಪನಿಗೆ ನಮಸ್ಕಾರ, ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬಾರದು ಅಂತ ಹೇಳು.

ನಿನ್ನ
ಪುಟ್ಟಿ

ಮರೆತೆ. ಅವತ್ತು ಎಷ್ಟು ಹೊತ್ತು ಕೂತಿದ್ದರು, ಬೆವರಿದ್ದರಾ, ಡಾಕ್ಟರಿಗೆ ತೋರಿಸಿದಿರಾ? ಈ ಮೂರಕ್ಕೆ ಉತ್ತರವನ್ನು ಮೊದಲ ಸಾಲಿನಲ್ಲಿ ಬರೆ. ಅಂಚಿನಲ್ಲಿ ಬೇಡ.