ಶಿವುಗೊಂದು ಪತ್ರ: ದೊರೆ ಹಠ ಹಿಡಿದು ಕೊಟ್ಟ ವೋಟು

ಪ್ರೀತಿಯ ಶಿವು,

ಕಳೆದ ದಸರಾದಲ್ಲಿ ನಿಮ್ಮ ಮನೆ ಜಗಲಿ ಮೇಲೆ ಕೂತು ಕಾಫಿ ಕುಡಿಯುವಾಗ ನೀನೊಂದು ಮಾತು ಅಂದೆ. "ಈ ಎಲೆಕ್ಷನ್ನು, ದುಡ್ಡು ಹಂಚೋದು, ಪಕ್ಷ ಹಾರೋದು ಎಲ್ಲ ನೋಡಿದರೆ ರಾಜರ ಕಾಲವೇ ಎಷ್ಟೋ ವಾಸಿ ಅನ್ಸುತ್ತೆ ಕಣೋ." ನಾನು ಆಗ ಏನೂ ಹೇಳಲಿಲ್ಲ. ಹೇಳಲು ಇತ್ತು, ಆದರೆ ಅಷ್ಟು ಜನರ ಮುಂದೆ ವಾದಕ್ಕೆ ಇಳಿಯಲು ಮನಸ್ಸಾಗಲಿಲ್ಲ. ಅವತ್ತಿಂದ ಆ ಮಾತು ತಲೆಯಲ್ಲೇ ಕೂತಿದೆ. ಅದಕ್ಕೇ ಈ ಪತ್ರ.

2024ರ ಜನವರಿಯಲ್ಲಿ ನಾನು ಭೂತಾನ್‌ಗೆ ಹೋಗಿದ್ದೆ, ನೆನಪಿದೆಯಾ? ಬೆಟ್ಟ, ಮಠ, ಖಾರದ ಮೆಣಸಿನಕಾಯಿ ಪಲ್ಯದ ಕಥೆಯೆಲ್ಲ ನಿನಗೆ ಹೇಳಿದ್ದೆ. ಒಂದು ಮಾತ್ರ ಹೇಳಿರಲಿಲ್ಲ. ಪಾರೋದಲ್ಲಿ ನಮ್ಮ ಗಾಡಿ ಓಡಿಸುತ್ತಿದ್ದ ಹುಡುಗ ಮೂರನೇ ದಿನ ಬೆಳಿಗ್ಗೆ ಬಂದು, ತುಂಬಾ ಸಂಕೋಚದಿಂದ ಹಿಂದಿಯಲ್ಲಿ ಕೇಳಿದ, "ಸಾರ್, ನಾಳೆಯಿಂದ ನನ್ನ ಬದಲು ಬೇರೆಯವರು ಬಂದರೆ ಆಗುತ್ತಾ? ನಾನು ಊರಿಗೆ ಹೋಗಬೇಕು, ವೋಟಿದೆ." ಊರು ಎಲ್ಲಿ ಅಂದೆ. ಟ್ರಾಶಿಗಾಂಗ್ ಕಡೆ ಅಂದ. ದೇಶದ ಆ ತುದಿ ಅದು. ಘಾಟಿ ರಸ್ತೆಯಲ್ಲಿ ಹೋಗಲು ಎರಡು ದಿನ, ಬರಲು ಎರಡು ದಿನ. ಅಲ್ಲಿ ಮನೆತನದ ಹೆಸರು ಯಾವ ಊರಲ್ಲಿ ನೋಂದಣಿ ಆಗಿದೆಯೋ ಅಲ್ಲೇ ವೋಟು. ಅವನ ಹೆಗಲ ಚೀಲದಲ್ಲಿ ಮಡಿಸಿಟ್ಟ ಬಿಳಿ ಶಾಲು ಇತ್ತು. ಕಬ್ನೆ ಅಂತಾರೆ ಅದಕ್ಕೆ. ಝೋಂಗ್ ಅನ್ನುವ ಅಲ್ಲಿನ ಕೋಟೆಗಳ ಒಳಗೆ, ಸರ್ಕಾರಿ ಕಚೇರಿಗೆ ಹೋಗುವಾಗ ಗಂಡಸರು ಹೆಗಲಿಂದ ಅಡ್ಡಲಾಗಿ ಹೊದೆಯುತ್ತಾರೆ. ವೋಟು ಹಾಕುವುದಕ್ಕೂ ಅಷ್ಟೇ ಮರ್ಯಾದೆಯಿಂದ ಹೋಗಬೇಕು ಅಂತ ಅದನ್ನು ಇಟ್ಟುಕೊಂಡಿದ್ದ.

ಜನವರಿ 9ನೇ ತಾರೀಕು ಒಂದು ಶಾಲೆಯ ಮುಂದೆ ಸಾಲು ನೋಡಿದೆ. ನಾವು ಹೊರಗಿನವರು, ಗಾಡಿಯಿಂದ ಇಳಿಯಲಿಲ್ಲ. ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತ ಅಜ್ಜಿಯರು, ಎಡ ಹೆಗಲ ಮೇಲೆ ಕೆಂಪು ನೇಯ್ಗೆಯ ವಸ್ತ್ರ. ಒಂದು ಧ್ವಜ ಇಲ್ಲ, ಜೈಕಾರ ಇಲ್ಲ.

ಆ ಸಾಲು ಹೇಗೆ ಬಂತು ಅನ್ನೋದೇ ಶಿವು ನಾನು ಹೇಳಬೇಕಾಗಿರುವುದು.

ಭೂತಾನ್‌ಗೆ ವಂಶಪಾರಂಪರ್ಯದ ದೊರೆ ಬಂದಿದ್ದು 1907ರಲ್ಲಿ. ಮೂರನೇ ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ 1953ರಲ್ಲಿ ರಾಷ್ಟ್ರೀಯ ಸಭೆ ಕಟ್ಟಿದರು. ಆಮೇಲೆ ಅವರೇ, ಸಭೆಗೆ ನನ್ನ ಮೇಲೆ ವಿಶ್ವಾಸ ಹೋದರೆ ನನ್ನನ್ನು ಇಳಿಸುವ ಅಧಿಕಾರ ಇರಲಿ ಅಂತ ಹಠ ಹಿಡಿದು ನಿಯಮ ಮಾಡಿಸಿದರು. ಅವರು ತೀರಿಕೊಂಡ ಮರುವರ್ಷ, 1973ರಲ್ಲಿ, ಸಭೆಯೇ ಆ ನಿಯಮವನ್ನು ತೆಗೆದುಹಾಕಿತು! ಅವರ ಮಗ, ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, 1998ರಲ್ಲಿ ದಿನದ ಆಡಳಿತವನ್ನು ಸಭೆ ಆರಿಸಿದ ಮಂತ್ರಿಗಳಿಗೆ ಬಿಟ್ಟರು. 2001ರಲ್ಲಿ ಸಂವಿಧಾನ ಬರೆಯಿರಿ ಅಂದರು. ಕರಡು ಸಿದ್ಧವಾದ ಮೇಲೆ ಅವರೂ ಅವರ ಮಗನೂ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಮುಂದೆ ಅದನ್ನು ಇಟ್ಟರು. ಎಲ್ಲ ಕಡೆ ಜನ ಕೇಳಿದ್ದು ಒಂದೇ: ನೀವೇ ಇರುವಾಗ ಇದೆಲ್ಲ ಯಾಕೆ? ನಿನ್ನ ಮಾತೇ ಅಲ್ವಾ ಅದು?

ದೊರೆಯ ಉತ್ತರ ನನಗೆ ತುಂಬಾ ಹಿಡಿಸಿದ್ದು. ಹುಟ್ಟಿನಿಂದ ಪಟ್ಟಕ್ಕೆ ಬರುವ ಒಬ್ಬನ ಕೈಯಲ್ಲಿ ದೇಶ ಇಡುವುದು ಅಪಾಯ ಅನ್ನೋದು ಅವರ ವಾದ. ಇವತ್ತಿನ ದೊರೆ ಒಳ್ಳೆಯವನಿರಬಹುದು, ಮುಂದಿನವನು? ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. 2006ರ ಡಿಸೆಂಬರಿನಲ್ಲಿ, ಐವತ್ತೊಂದನೇ ವಯಸ್ಸಿಗೆ, ಮಗನಿಗೆ ಪಟ್ಟ ಬಿಟ್ಟು ಪಕ್ಕಕ್ಕೆ ಸರಿದರು. 2008ರ ಜುಲೈ 18ರಂದು ಮಗ ಸಹಿ ಹಾಕಿದ ಸಂವಿಧಾನದಲ್ಲಿ ದೊರೆ ಅರವತ್ತೈದಕ್ಕೆ ನಿವೃತ್ತಿ ಆಗಲೇಬೇಕು ಅಂತ ಬರೆದಿದೆ. ತಪ್ಪು ಮಾಡಿದರೆ ಸಂಸತ್ತಿನ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಒಪ್ಪಿ, ಆಮೇಲೆ ಜನರ ಮತ ತೆಗೆದುಕೊಂಡು, ಅವನನ್ನು ಇಳಿಸಬಹುದು ಅಂತಲೂ ಇದೆ. ಅಂದರೆ ಮಗ ತನ್ನನ್ನೇ ಇಳಿಸುವ ದಾರಿಗೆ ತಾನೇ ಸಹಿ ಹಾಕಿದ.

ವೋಟು ಹಾಕಿ ಗೊತ್ತಿಲ್ಲದ ಜನಕ್ಕೆ ಅಭ್ಯಾಸ ಆಗಲಿ ಅಂತ 2007ರಲ್ಲಿ ಸುಳ್ಳು ಎಲೆಕ್ಷನ್ ನಡೆಸಿದರು. ಹಳದಿ, ಕೆಂಪು, ನೀಲಿ, ಹಸಿರು ಅಂತ ನಾಲ್ಕು ತೋರಿಕೆಯ ಪಕ್ಷ. ಎರಡನೇ ಸುತ್ತಿಗೆ ಹೈಸ್ಕೂಲ್ ಮಕ್ಕಳನ್ನು ಅಭ್ಯರ್ಥಿಗಳಾಗಿ ನಿಲ್ಲಿಸಿದರು. ಭಾರತದ ಇವಿಎಂಗಳೇ ಅಲ್ಲಿಗೂ ಹೋಗಿದ್ದವು. ನಮ್ಮ ಇವಿಎಂ ತಯಾರಿಸುವ ಎರಡು ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್ ಅಂತ ನಿನಗೆ ಗೊತ್ತೇ ಇದೆ. ಹಳದಿ ಪಕ್ಷ 47ರಲ್ಲಿ 46 ಕಡೆ ಗೆದ್ದಿತು. ಹಳದಿ ದೊರೆಯ ಬಣ್ಣ! ಆಟದಲ್ಲೂ ಜನ ದೊರೆಯ ಕೈ ಬಿಡಲಿಲ್ಲ.

ಆದರೆ ನಿಜವಾದ ಎಲೆಕ್ಷನ್ ಬಂದಾಗ ನೋಡು. 2008ರ ಮಾರ್ಚ್‌ನಲ್ಲಿ ಎರಡು ಪಕ್ಷ. ಒಂದರ ನಾಯಕರು ಸಂಗೇ ನ್ಗೆದುಪ್, ಹೊಸ ದೊರೆಯ ಸೋದರಮಾವ. ಅವರ ಪಕ್ಷಕ್ಕೆ ಸಿಕ್ಕಿದ್ದು 47ರಲ್ಲಿ ಎರಡೇ ಸೀಟು. ಅವರೇ ಸೋತರು. ದೊರೆಯ ಮೇಲೆ ಅಷ್ಟು ಪ್ರೀತಿ ಇಟ್ಟ ಜನ ದೊರೆಯ ಮಾವನನ್ನು ಮನೆಗೆ ಕಳಿಸಿದರು, ಒಂದು ಗಲಾಟೆ ಇಲ್ಲದೆ.

ಉಳಿದ ಆ ಇಬ್ಬರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ವಿರೋಧ ಪಕ್ಷ ಅಂದರೆ ಎರಡೇ ಜನ. ನಾಯಕರು ತ್ಸೆರಿಂಗ್ ತೋಬ್ಗೇ. ಸರ್ಕಾರ ಸಂಸತ್ತನ್ನು ಕೇಳದೆ ಹೊರಗಿಂದ ತರಿಸುವ ವಾಹನಗಳ ಮೇಲೆ ತೆರಿಗೆ ಏರಿಸಿತು. ಹಾಗೆ ಮಾಡಲು ನಿಮಗೆ ಅಧಿಕಾರ ಇಲ್ಲ ಅಂತ ಇವರು ಕೋರ್ಟಿಗೆ ಹೋದರು. ಸಂವಿಧಾನಕ್ಕೆ ಆಗಿನ್ನೂ ಎರಡು ವರ್ಷ. 2010ರಲ್ಲಿ ಹೈಕೋರ್ಟ್, 2011ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಎರಡೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವು. ಸರ್ಕಾರ ಒಪ್ಪಿಕೊಂಡಿತು. 45 ಜನರ ಸರ್ಕಾರವನ್ನು ಇಬ್ಬರು ಒಂದು ಕಾಗದ ಹಿಡಿದು ನಿಲ್ಲಿಸಿದರು ಶಿವು. ರಾಜರ ಕಾಲದಲ್ಲಿ ಆ ಇಬ್ಬರು ಯಾವ ಬಾಗಿಲು ತಟ್ಟಬೇಕಿತ್ತು ಹೇಳು?

ಅಲ್ಲಿಂದ ಈಚೆಗೆ ಯಾವ ಆಳುವ ಪಕ್ಷವನ್ನೂ ಜನ ಸತತ ಎರಡನೇ ಸಲ ಆರಿಸಿಲ್ಲ. 2013ರಲ್ಲಿ ತೋಬ್ಗೇ ಪ್ರಧಾನಿಯಾದರು. 2018ರಲ್ಲಿ ಅವರ ಪಕ್ಷ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಲ್ಲಿ ಎರಡು ಸುತ್ತು ಇರುತ್ತದೆ: ಮೊದಲ ಸುತ್ತಲ್ಲಿ ಎಲ್ಲ ಪಕ್ಷ, ಹೆಚ್ಚು ಮತ ಬಂದ ಎರಡಕ್ಕೆ ಮಾತ್ರ ಮುಂದಿನದು. ಗೆದ್ದ ಲೋತೆ ತ್ಸೆರಿಂಗ್ ಸರ್ಜನ್. ಪ್ರಧಾನಿಯಾದ ಮೇಲೂ ಶನಿವಾರ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡುತ್ತಿದ್ದರು. ಅವರ ಪಕ್ಷವನ್ನೂ 2023ರ ಕೊನೆಗೆ ಜನ ಮೊದಲ ಸುತ್ತಲ್ಲೇ ಬಿಟ್ಟರು. ನಮ್ಮ ಡ್ರೈವರ್ ವೋಟು ಹಾಕಲು ಹೋಗಿದ್ದು ಆಮೇಲಿನ ಸುತ್ತಿಗೆ. ತೋಬ್ಗೇ 30 ಸೀಟು ಗೆದ್ದು ಮತ್ತೆ ಬಂದರು. ಎಲೆಕ್ಷನ್ ಮುಗಿಯುವ ತನಕ ಹಳೇ ಸರ್ಕಾರ ಕುರ್ಚಿಯಲ್ಲಿ ಇರುವ ಹಾಗಿಲ್ಲ ಅಲ್ಲಿ. ಮುಖ್ಯ ನ್ಯಾಯಮೂರ್ತಿ ನೇತೃತ್ವದ ಹಂಗಾಮಿ ಸರ್ಕಾರ ನಡೆಸುತ್ತದೆ. ಇದು ನಮ್ಮಲ್ಲೂ ಇದ್ದಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಎಲ್ಲ ಚೆನ್ನಾಗಿದೆ ಅಂತ ನಿನಗೆ ಸುಳ್ಳು ಹೇಳಲ್ಲ. ಡಿಗ್ರಿ ಇಲ್ಲದವರು ಸಂಸತ್ತಿಗೆ ನಿಲ್ಲುವಂತಿಲ್ಲ. ಹೊಲದಲ್ಲಿ ದುಡಿಯುವ ಜನ ಅಷ್ಟೊಂದು ಇರುವ ದೇಶದಲ್ಲಿ ಇದು ಸರಿಯಲ್ಲ. ಅದಕ್ಕಿಂತ ದೊಡ್ಡ ಗಾಯ ಒಂದಿದೆ. ಇದೇ ನಾಲ್ಕನೇ ದೊರೆಯ ಕಾಲದಲ್ಲಿ, 1990ರ ಆಸುಪಾಸು, ದಕ್ಷಿಣದ ನೇಪಾಳಿ ಮಾತಾಡುವ ಜನರಿಗೆ 1958ರಲ್ಲಿ ನೀವು ಇಲ್ಲೇ ಇದ್ದಿರಿ ಅನ್ನೋದಕ್ಕೆ ಕಾಗದ ತೋರಿಸಿ ಅಂದರು. ಲಕ್ಷದಷ್ಟು ಜನ ಊರು ಬಿಟ್ಟು ನೇಪಾಳದ ಶಿಬಿರ ಸೇರಿದರು. ಹದಿನೈದು ಇಪ್ಪತ್ತು ವರ್ಷ ಬಿದಿರಿನ ಗುಡಿಸಲಲ್ಲಿ ಕಳೆದು ಹೆಚ್ಚಿನವರು ಅಮೆರಿಕಕ್ಕೆ ಹೋದರು. 2008ರ ವೋಟಿನ ಸಾಲಿನಲ್ಲಿ ಅವರಿಗೆ ಜಾಗ ಇರಲಿಲ್ಲ. ವೋಟು ಕೊಟ್ಟ ಕೈಯೇ ವೋಟು ಯಾರಿಗೆ ಅಂತಲೂ ಮೊದಲೇ ತೀರ್ಮಾನಿಸಿತ್ತು. ಎಷ್ಟೇ ಒಳ್ಳೆಯ ದೊರೆ ಆದರೂ ಅವನು ತಪ್ಪು ಮಾಡಿದಾಗ ತಡೆಯುವವರು ಆಗ ಯಾರೂ ಇರಲಿಲ್ಲ ಅನ್ನೋದೇ ನನಗೆ ತಿವಿಯುವುದು.

ಮೈಸೂರಿನ ಮಾತೂ ಆಡಬೇಕಲ್ವಾ? ನಮ್ಮ ಅರಸರು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು, ರಂಗಾಚಾರ್ಲು ದಿವಾನರಾಗಿದ್ದಾಗ. ನೀನು ಹೆಮ್ಮೆ ಪಡುವುದು ಸರಿಯೇ, ನಾನೂ ಪಡುತ್ತೇನೆ. ಆದರೆ ಆ ಸಭೆ ಅಹವಾಲು ಹೇಳಬಹುದಿತ್ತೇ ಹೊರತು ದಿವಾನರನ್ನು ಇಳಿಸುವ ಹಾಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ನಮ್ಮ ಜನ ಬೀದಿಗೆ ಇಳಿಯಬೇಕಾಯಿತು. 1947ರ ಸೆಪ್ಟೆಂಬರಿನ ಮೈಸೂರು ಚಲೋ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿದ್ದು ಆ ಚಳವಳಿಯಿಂದ.

ನಿಮ್ಮ ತಾತ ಅದರಲ್ಲೇ ಅಲ್ವಾ ಜೈಲಿಗೆ ಹೋಗಿದ್ದು? ಅವರ ಫೋಟೋ ನಿಮ್ಮ ಹಜಾರದಲ್ಲಿ ಗಡಿಯಾರದ ಪಕ್ಕ ಇತ್ತು. ಅವತ್ತು ಜಗಲಿ ಮೇಲೆ ಕೂತಾಗ ನನಗೆ ಬಾಗಿಲಿಂದ ಕಾಣುತ್ತಿತ್ತು. ನಿಮ್ಮಮ್ಮನ ಹತ್ತಿರ ಒಂದು ಸಲ ಕೂತು ಕೇಳು, ತಾತ ಎಷ್ಟು ದಿನ ಒಳಗಿದ್ದರು, ಮನೆಯಲ್ಲಿ ಆಗ ಏನಾಗಿತ್ತು ಅಂತ. ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸು. ನಾನು ಕಾಯುತ್ತಿರುತ್ತೇನೆ.

ಅಂದ ಹಾಗೆ, ನಾವು ವಾಪಸು ಹೊರಡುವ ದಿನ ಆ ಹುಡುಗ ಟ್ರಾಶಿಗಾಂಗ್‌ನಿಂದ ಫೋನ್ ಮಾಡಿದ್ದ. ರಸ್ತೆಯಲ್ಲಿ ಹಿಮ ಬಿದ್ದು ತಡವಾಯಿತಂತೆ, ಆದರೂ ಸಾಲು ಮುಗಿಯುವ ಮುಂಚೆ ತಲುಪಿದನಂತೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ ಅಂದ.

ನಿನ್ನ,
ಮಂಜು