ಮಗಳಿಗೊಂದು ಪತ್ರ: ಮುಟ್ಟು ತಪ್ಪಿದರೆ ಎಷ್ಟು ದಿನ ಕಾಯಬೇಕು?

ಪುಟ್ಟಿ,

ಎರಡು ತಿಂಗಳಿಂದ ಮುಟ್ಟಾಗಿಲ್ಲ ಅನ್ನೋದಕ್ಕಿಂತ, "ಮುಂದೆ ಮಕ್ಕಳಾಗ್ತವೋ ಇಲ್ವೋ" ಅಂತ ಅಜ್ಜಿ ಅಂದದ್ದೇ ನಿನ್ನ ನಿದ್ದೆ ಕೆಡಿಸಿದೆ ಅಂತ ಕಾಣುತ್ತೆ.

ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದಿಲ್ಲ. ಒಂದು ಮುಟ್ಟಿನ ಮೊದಲ ದಿನದಿಂದ 21ರಿಂದ 45 ದಿನದೊಳಗೆ ಮುಂದಿನ ಮುಟ್ಟಾದರೆ ಸರಿಯೇ. ರಕ್ತ ಕಂಡ ದಿನವನ್ನೇ ಒಂದನೇ ದಿನವೆಂದು ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಒಂದೇ ಸಲವಾದರೂ 90 ದಿನ ದಾಟಿದರೆ ಮೈಸೂರಿನ ಚೆಲುವಾಂಬ ಹೆರಿಗೆ ಆಸ್ಪತ್ರೆಗೆ ಹೋಗೋಣ. ಅಜ್ಜಿ ಕಳಿಸಿದ ಎಳ್ಳು-ಬೆಲ್ಲ ತಿನ್ನು, ರುಚಿಯಾಗಿದೆ. ಆದರೆ ಅದು ಮುಟ್ಟು ತರಿಸುವ ಮದ್ದಲ್ಲ.

ಆಸ್ಪತ್ರೆಯಲ್ಲಿ ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡುತ್ತಾರೆ. ಮುಟ್ಟು ತಪ್ಪಿದ ಯಾರಿಗಾದರೂ ಮಾಡುವುದೇ ಅದು, ಬೇಜಾರು ಮಾಡಿಕೊಳ್ಳಬೇಡ. ಆಮೇಲೆ ರಕ್ತದಲ್ಲಿ ಈ ಹಾರ್ಮೋನುಗಳನ್ನು ನೋಡುತ್ತಾರೆ: ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವುದು), ಎಫ್‌ಎಸ್‌ಎಚ್ (ಅಂಡ ಬೆಳೆಸುವುದು), ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನು). ತಿಂಡಿ ಬಿಟ್ಟು, ರಾತ್ರಿ ಮುದ್ದೆಯನ್ನೂ ಬಿಟ್ಟು ತೂಕ ಇಳಿಸುತ್ತಿದ್ದರೆ ಮುಚ್ಚಿಡದೆ ಹೇಳು. ಹಾಗೆ ನಿಂತ ಮುಟ್ಟಿನಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಇಳಿದು ಮೂಳೆ ಸೊರಗುತ್ತದೆ. ಹೊಟ್ಟೆ ತುಂಬ ಊಟವೇ ಅದಕ್ಕೆ ಮುಖ್ಯ ಚಿಕಿತ್ಸೆ.

ಅಂಡಾಶಯದ ಸ್ಕ್ಯಾನಿನಲ್ಲಿ "ನೀರುಗುಳ್ಳೆ" ಇದೆ ಅಂದಮಾತ್ರಕ್ಕೆ ಪಿಸಿಒಡಿ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಅಲ್ಲ. ಅವು ಅರ್ಧ ಬೆಳೆದು ನಿಂತ ಅಂಡದ ಚೀಲಗಳು, ನಿನ್ನ ವಯಸ್ಸಿನ ಗಟ್ಟಿಮುಟ್ಟಾದ ಹುಡುಗಿಯರಲ್ಲೂ ಕಾಣುತ್ತವೆ. ಮೊದಲ ಮುಟ್ಟಿನಿಂದ 8 ವರ್ಷದವರೆಗೆ ಸ್ಕ್ಯಾನ್ ನೋಡಿ ಪಿಸಿಒಡಿ ಎನ್ನಬಾರದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಮುಟ್ಟಿನ ಏರುಪೇರಿನ ಜೊತೆಗೆ ಗದ್ದದ ಮೇಲೆ ದಪ್ಪ ಕೂದಲು, ಜಗ್ಗದ ಮೊಡವೆ ಅಥವಾ ರಕ್ತದಲ್ಲಿ ಹೆಚ್ಚಿದ ಟೆಸ್ಟೋಸ್ಟಿರಾನ್ ಕಾಣಬೇಕು.

ಮುಟ್ಟು ತರಿಸಲು ಡಾಕ್ಟರು ಮೆಡ್ರಾಕ್ಸಿಪ್ರೊಜೆಸ್ಟರೋನ್ ಅನ್ನೋ ಹಾರ್ಮೋನಿನ 10 ಮಿಲಿಗ್ರಾಂ ಮಾತ್ರೆ 5ರಿಂದ 10 ದಿನ ಕೊಡಬಹುದು. ನಿಲ್ಲಿಸಿದ ವಾರದೊಳಗೆ ರಕ್ತ ಕಂಡರೆ ಗರ್ಭಕೋಶದ ಒಳಪದರ ಬೆಳೆದಿದೆ, ಅಂಡ ಮಾತ್ರ ಬಿಡುಗಡೆಯಾಗಿಲ್ಲ ಅಂತ ತಿಳಿಯಬಹುದು. ಕಾಣದಿದ್ದರೆ ಈಸ್ಟ್ರೋಜನ್ ಕಡಿಮೆಯೇ ಅಂತ ಹುಡುಕುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ನೀನೇ ಕೇಳಿ ನುಂಗಬೇಡ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಆ ಪದರ ದಪ್ಪವಾಗುತ್ತಾ ಹೋಗುತ್ತದೆ, ಅದಕ್ಕೇ ಮೂರು ತಿಂಗಳಿಗೊಮ್ಮೆಯಾದರೂ ಮುಟ್ಟಾಗಲಿ ಅನ್ನುವುದು.

ಇನ್ನು ಮಕ್ಕಳ ಮಾತು. ಪಿಸಿಒಡಿಯಲ್ಲಿ ಅಂಡಗಳು ಖಾಲಿಯಾಗಿರುವುದಿಲ್ಲ, ಬಿಡುಗಡೆ ತಡವಾಗುತ್ತದೆ ಅಷ್ಟೆ. ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ತಡವಾದರೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೋಜೋಲ್ ಮಾತ್ರೆಯಿದೆ. ಮುಟ್ಟು ಸರಿಪಡಿಸಲು ಕೊಡುವ ಗರ್ಭನಿರೋಧಕ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ನಿಜಕ್ಕೂ ಯೋಚಿಸಬೇಕಾದದ್ದು ಎಫ್‌ಎಸ್‌ಎಚ್ ಮತ್ತೆ ಮತ್ತೆ ತೀರಾ ಹೆಚ್ಚು ಬಂದಾಗ, ಅಂದರೆ ಅಂಡಾಶಯವೇ ಸೋಲುತ್ತಿರುವಾಗ. ಈ ವಯಸ್ಸಿನಲ್ಲಿ ಅದು ಅಪರೂಪ.

ತಲೆನೋವಿನ ಜೊತೆ ಕಣ್ಣು ಮಂಜಾದರೆ, ಎದೆಯಿಂದ ಹಾಲಿನಂತೆ ಒಸರಿದರೆ ಮಾತ್ರ 90 ದಿನ ಕಾಯಬೇಡ. ಅವತ್ತೇ ಫೋನ್ ಮಾಡು.

ನಿನ್ನ ಅಮ್ಮ
ಮಂಡ್ಯ